ಮೆಟ್ಟಿಲ ಕೆಳಗಿನ ಮೀಟರು

ನಮ್ಮೂರಿನಲ್ಲಿ ಮೊದಲು ದೀಪ ಉರಿಸುತ್ತೇವೆ, ಆಮೇಲೆ ಬಿಲ್ಲು ಕಟ್ಟುತ್ತೇವೆ. ಮೊದಲು ದುಡ್ಡು ಹಾಕಿ ಆಮೇಲೆ ದೀಪ ಉರಿಸುವ ಮನೆಯನ್ನು ನಾನು ಕಂಡದ್ದು 2022ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಮಗಳ ಬಾಡಿಗೆ ಮನೆಗೆ ಹೋದಾಗ.

ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಕರೆಂಟಿನ ಮೀಟರು. ಅದಕ್ಕೊಂದು ಪ್ಲಾಸ್ಟಿಕ್ ಕೀಲಿ, ಗ್ಯಾಸಿನ ಮೀಟರಿಗೊಂದು ಕಾರ್ಡು. ಎರಡನ್ನೂ ಬೀದಿಯ ಕೊನೆಯ ಅಂಗಡಿಗೆ ಒಯ್ದು, ನಾವು ಮೊಬೈಲಿಗೆ ಕರೆನ್ಸಿ ಹಾಕಿಸುವ ಹಾಗೆ ದುಡ್ಡು ತುಂಬಿಸಿ ತಂದು ಮೀಟರಿಗೆ ತೂರಿಸಬೇಕು.

ಹೋದ ಮೂರನೆಯ ದಿನ ಇಡ್ಲಿಗೆ ರುಬ್ಬಿಟ್ಟೆ. ಬೆಳಗ್ಗೆ ನೋಡಿದರೆ ಹಿಟ್ಟು ಇಟ್ಟ ಹಾಗೇ ಇದೆ. "ಚಳಿಗೆ ಹುದುಗು ಬರಲ್ಲಮ್ಮಾ" ಎಂದಳು ಮಗಳು. ಚಳಿ ಆ ದೇಶದ್ದು ಎಂದುಕೊಂಡೆ. ಮನೆಯ ಹೀಟರನ್ನು ಅವಳು ದಿನಕ್ಕೆ ಒಂದೇ ಗಂಟೆ ಹಾಕುತ್ತಾಳೆಂಬುದು ಆಮೇಲೆ ಗೊತ್ತಾಯಿತು.

ಒಂದು ದಿನ ಬೆಳಗ್ಗೆ ಹತ್ತರ ಸುಮಾರಿಗೆ, ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ ಕರೆಂಟು ಹೋಯಿತು. ನಮ್ಮ ಅಭ್ಯಾಸದಂತೆ ಕಿಟಕಿಯಿಂದ ಇಣುಕಿ ಎದುರುಮನೆ ನೋಡಿದೆ. ಅಲ್ಲಿ ದೀಪ ಉರಿಯುತ್ತಿತ್ತು. ಊರಿಗೆಲ್ಲ ಹೋದ ಕರೆಂಟಿನಲ್ಲಿ ಅವಮಾನವಿಲ್ಲ ನೋಡಿ, ನಮ್ಮೊಬ್ಬರಿಗೇ ಹೋದರೆ ಇದೆ.

ಮಗಳಿಗೆ ಫೋನು ಮಾಡಿದೆ. ದುಡ್ಡು ಮುಗಿದ ಮೇಲೂ ಮೀಟರು ಹತ್ತು ಪೌಂಡು ಕೈಗಡ ಕೊಡುತ್ತದಂತೆ. ಅದೂ ಮುಗಿದಿತ್ತು. ರಾತ್ರಿ ಹೊತ್ತು ಕಡಿಯಬಾರದೆಂಬ ದಾಕ್ಷಿಣ್ಯಕ್ಕೆ ಬೆಳಗಿನವರೆಗೆ ಉರಿದಿತ್ತು, ಅಷ್ಟೇ. ಮೂರು ವರ್ಷದ ಮೊಮ್ಮಗನಿಗೆ ಎರಡು ಸ್ವೆಟರು ಹಾಕಿ, ಕೀಲಿ ಹಿಡಿದು ಅಂಗಡಿಗೆ ನಡೆದೆ. ಇಪ್ಪತ್ತು ಪೌಂಡು ಹಾಕಿಸಿ ತಂದರೆ ಮೀಟರು ತೋರಿಸಿದ್ದು ಹತ್ತಕ್ಕಿಂತ ಕಡಿಮೆ! ಕೈಗಡವನ್ನೂ, ರಾತ್ರಿ ಉರಿದದ್ದನ್ನೂ ಮೊದಲೇ ಮುರಿದುಕೊಂಡಿತ್ತು. ಇದರ ಮೇಲೆ, ಬಳಸಲಿ ಬಿಡಲಿ, ದಿನಕ್ಕಿಷ್ಟೆಂಬ ನಿಗದಿ ಶುಲ್ಕ ಬೇರೆ.

"ನನಗ್ಯಾಕೆ ಹೇಳಲಿಲ್ಲ?" ಎಂದು ಸಂಜೆ ಕೇಳಿದೆ.

"ಹೇಳಿದ್ರೆ ನೀನು ದುಡ್ಡು ಕಳಿಸ್ತಿದ್ದೆ" ಎಂದಳು.

ವಿಡಿಯೋ ಕರೆಯಲ್ಲಿ ಅವಳು ಯಾವಾಗಲೂ ಕೋಟು ಹಾಕಿಕೊಂಡೇ ಕಾಣುತ್ತಿದ್ದುದು ಆಗ ನೆನಪಾಯಿತು. "ಈಗಷ್ಟೇ ಹೊರಗಿಂದ ಬಂದೆ" ಎನ್ನುತ್ತಿದ್ದಳು. ನಾನು ನಂಬುತ್ತಿದ್ದೆ.

ಅದು ಹಿಂದಿನ ಬಾಡಿಗೆದಾರರ ಕಾಲದ ಮೀಟರು. ದುಡ್ಡು ಕಟ್ಟುವವಳು ಇವಳಾದ್ದರಿಂದ ಬದಲಾಯಿಸಿ ಎಂದು ಕೇಳುವ ಹಕ್ಕೂ ಇವಳದೇ. ಪಕ್ಕದಲ್ಲಿ ಕುಳಿತು ಫೋನು ಮಾಡಿಸಿದೆ. ಸಾಲವೇನಾದರೂ ಇದೆಯೇ ಎಂದು ನೋಡಿ ಕಂಪನಿಯವರು ಒಪ್ಪಿದರು. ಜನವರಿಯಲ್ಲಿ ಒಬ್ಬಾತ ಬಂದು ಎರಡೂ ಮೀಟರು ಬಿಚ್ಚಿ, ಸ್ಮಾರ್ಟ್ ಮೀಟರು ಕೂರಿಸಿ, ಅಂಗೈಯಗಲದ ಒಂದು ಪರದೆ ಕೊಟ್ಟು ಹೋದ. ಕೀಲಿಯಿಲ್ಲ, ಅಂಗಡಿಯಿಲ್ಲ. ಲೆಕ್ಕ ತಾನೇ ಕಂಪನಿಗೆ ಹೋಗುತ್ತದೆ, ಬಿಲ್ಲು ತಿಂಗಳಿಗೊಮ್ಮೆ.

ಇನ್ನು ನೆಮ್ಮದಿ ಎಂದುಕೊಂಡರೆ, ನನಗೆ ಆ ಪರದೆಯ ಹುಚ್ಚು ಹಿಡಿಯಿತು. ಕೆಟಲ್ ಹಾಕಿದರೆ ಅದರ ಹಸಿರು ದೀಪ ಕೆಂಪಾಗುತ್ತಿತ್ತು. ಅಳಿಯ ಸ್ನಾನಕ್ಕೆ ಹೋದರೆ ಅತ್ತೆ ಪೆನ್ನಿ ಎಣಿಸುತ್ತ ಕೂರುತ್ತಿದ್ದಳು! ಕೊನೆಗೆ ಮಗಳು ಅದನ್ನು ಗೋಡೆಗೆ ಮುಖಮಾಡಿ ಇಟ್ಟಳು. "ಕೀಲಿಯ ಕಾಟ ತಪ್ತು ಅಂದ್ಕೊಂಡ್ರೆ ಈಗ ನಿಂದು ಶುರುವಾಯ್ತಲ್ಲಮ್ಮಾ!"

ಮೀಟರು ಬದಲಾದ ಮಾತ್ರಕ್ಕೆ ಬಿಲ್ಲು ಇಳಿಯುವುದಿಲ್ಲ. ಸಾಲ ಬೆಳೆದರೆ ಕಂಪನಿಯವರು ಕೂತಲ್ಲಿಂದಲೇ ಸ್ಮಾರ್ಟ್ ಮೀಟರನ್ನು ಮುಂಗಡದ ಮೀಟರಾಗಿ ಬದಲಾಯಿಸಬಲ್ಲರು. ಬಡವರ ಮನೆಗಳಲ್ಲಿ ಬಲವಂತದಿಂದ ಮುಂಗಡದ ಮೀಟರು ಹಾಕಿದ್ದು ದೊಡ್ಡ ಸುದ್ದಿಯಾಗಿ, 2023ರ ಫೆಬ್ರವರಿಯಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ನಿಲ್ಲಿಸಿ ಎಂದು ಕಂಪನಿಗಳಿಗೆ ಹೇಳಬೇಕಾಯಿತು. ಅದಕ್ಕೇ ಮಗಳು ಭಾನುವಾರಕ್ಕೊಮ್ಮೆ ಪರದೆಯನ್ನು ಈಚೆ ತಿರುಗಿಸಿ, ವಾರದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಾಳೆ. ಉಳಿದ ಆರು ದಿನ ಅದು ಗೋಡೆ ನೋಡುತ್ತಿರುತ್ತದೆ.

ಊರಿಗೆ ಬಂದ ಮೇಲೆ ನನ್ನ ಒಂದು ಅಭ್ಯಾಸ ಬದಲಾಗಿದೆ. ವಿಡಿಯೋ ಕರೆಯಲ್ಲಿ ಊಟ ಆಯಿತೇ ಎಂದು ಕೇಳುವ ಮೊದಲು, ಅವಳು ಕೋಟು ಹಾಕಿಕೊಂಡಿದ್ದಾಳೆಯೇ ಎಂದು ನೋಡುತ್ತೇನೆ.