ಎಂಟು ದಾಟಿದ ಮೇಲೆ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿಯ ಹತ್ತಿರ ದಣಿವಾರಿಸಿಕೊಳ್ಳುವಾಗ ಅಮ್ಮ ಕೇಳಿದಳು: ‘ಇಷ್ಟು ವರ್ಷದಿಂದ ಅದೇನು ಓದ್ತಿದ್ದೀಯಾ?’

ಹೇಳಿದೆ. 1867ರಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಸರ್ಕಾರ ನಗರದ ಅನೇಕ ಕಾರ್ಮಿಕರಿಗೆ ಮತದ ಹಕ್ಕು ಕೊಟ್ಟಿತು. ಅದೇ ವರ್ಷ ಮುಮ್ಮಡಿ ಕೃಷ್ಣರಾಜರ ದತ್ತುಪುತ್ರನನ್ನು ಮೈಸೂರಿನ ವಾರಸುದಾರನೆಂದು ಒಪ್ಪಿತು. ಹಳೆಯದು ಉಳಿಯಲೆಂದು ಒಂದಿಷ್ಟು ಬದಲಾಗುವ ಜಾಣತನ. ಮೈಸೂರೂ ಹಾಗೇ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ 1894ರ ಕಾಯ್ದೆ, ಎಂಟು ತುಂಬದ ಹುಡುಗಿಯರ ಮದುವೆಯನ್ನು ತಡೆಯಿತು. ಅಧ್ಯಾಯದಲ್ಲಿ ಅದನ್ನು ‘ದಿಟ್ಟ ಸುಧಾರಣೆ’ ಎಂದು ಬರೆದಿದ್ದೆ.

‘ನಮ್ಮಜ್ಜಿಗೆ ಒಂಬತ್ತಕ್ಕೇ ಮದುವೆಯಾಯ್ತು’ ಎಂದಳು ಅಮ್ಮ.

ಆ ಕಾಯ್ದೆಯ ಕಣ್ಣಿಗೆ ಅದರಲ್ಲಿ ತಪ್ಪೇ ಇರಲಿಲ್ಲ.

ಮನೆಗೆ ಬಂದು ‘ಸುಧಾರಣೆ’ಯನ್ನು ಅಳಿಸಲಿಲ್ಲ, ಏಳರ ಹುಡುಗಿಗೆ ಅದು ನಿಜ. ‘ದಿಟ್ಟ’ವನ್ನು ಮಾತ್ರ ಹೊಡೆದು ಹಾಕಿದೆ.