ಹೆಗಲ ಮೇಲಿನ ಆಡು

ಯಜ್ಞಕ್ಕೆಂದು ಆಡೊಂದನ್ನು ಕೊಂಡು ಹೆಗಲ ಮೇಲೆ ಹೊತ್ತು ಬರುತ್ತಿದ್ದ ಬ್ರಾಹ್ಮಣನ ಕಥೆಯನ್ನು ಹಿತೋಪದೇಶ ಪಂಚತಂತ್ರಗಳನ್ನು ಓದಿದವರೆಲ್ಲರೂ ಬಲ್ಲರು. ಮೂವರು ಧೂರ್ತರು ದಾರಿಯಲ್ಲಿ ಕ್ರೋಶಕ್ಕೊಬ್ಬರಂತೆ ನಿಂತು, ಒಬ್ಬನಾದ ಮೇಲೊಬ್ಬನು, 'ಸ್ವಾಮೀ, ನಾಯಿಯನ್ನೇಕೆ ಹೊತ್ತಿರುವಿರಿ?' ಎಂದು ಕೇಳುತ್ತಾರೆ. ಮೊದಲನೆಯವನ ಮಾತನ್ನು ಬ್ರಾಹ್ಮಣನು ತಳ್ಳಿಹಾಕುತ್ತಾನೆ. ಎರಡನೆಯವನ ಮಾತಿಗೆ ಆಡನ್ನು ಕೆಳಗಿಳಿಸಿ ನೋಡಿ ಮತ್ತೆ ಹೊತ್ತುಕೊಳ್ಳುತ್ತಾನೆ. ಮೂರನೆಯವನ ಮಾತನ್ನು ಕೇಳಿದೊಡನೆ ಅದನ್ನು ಅಲ್ಲಿಯೇ ಬಿಟ್ಟು, ಸ್ನಾನಮಾಡಿ ಮನೆಗೆ ಹೋಗುತ್ತಾನೆ. ಈ ಕಥೆಯನ್ನು ಪಂಡಿತರೊಬ್ಬರು ಪಾಠಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದರು. ಪ್ರತಿವರ್ಷವೂ ಯಾವನಾದರೊಬ್ಬ ಹುಡುಗನು, 'ಅವನು ಅಷ್ಟು ದಡ್ಡನೆ, ಗುರುಗಳೆ?' ಎಂದು ಕೇಳುವನು. ಪಂಡಿತರೂ ಹುಡುಗರೊಡನೆ ನಗುವರು. ಹೆಗಲ ಮೇಲಿರುವ ಪ್ರಾಣಿಯ ಕೋಡನ್ನು ಕೈಯಲ್ಲಿ ಹಿಡಿದುಕೊಂಡೇ ಅದನ್ನು ನಾಯಿಯೆಂದು ನಂಬುವವನು ಕಥೆಯಲ್ಲಲ್ಲದೆ ಲೋಕದಲ್ಲಿ ಉಂಟೆ ಎಂಬುದೇ ಅವರ ಅಭಿಪ್ರಾಯವಾಗಿತ್ತು.

2019ನೆಯ ಇಸವಿಯ ಜನವರಿಯಲ್ಲಿ ಪಂಡಿತರು ಪತ್ನೀಸಮೇತರಾಗಿ ಬ್ಯಾಂಕಾಕ್ ನಗರಕ್ಕೆ ಹೋದರು. ಅವರ ಮಗನು ಉದ್ಯೋಗನಿಮಿತ್ತವಾಗಿ ಅಲ್ಲಿ ನೆಲಸಿದ್ದನು. ಸಮುದ್ರದಾಚೆಯ ನಾಡಾದರೂ ಅವರಿಗೆ ಅದು ಪರದೇಶವೆನಿಸಲಿಲ್ಲ. ಆ ನಗರಕ್ಕೆ ಅದರ ಜನರು ಇಟ್ಟಿರುವ ಪೂರ್ಣನಾಮವು ಒಂದು ಗದ್ಯಖಂಡದಷ್ಟು ಉದ್ದವಾಗಿದ್ದು, ಅದರ ಬಹುಭಾಗವು ಸಂಸ್ಕೃತ ಪಾಳಿಗಳಿಂದಲೇ ಬಂದುದು. ಉಚ್ಚಾರಣೆ ಮಾತ್ರ ಸಯಾಮಿನದು. ಮಹೇಂದ್ರನ ಅಯೋಧ್ಯೆಯೆಂದೂ, ನವರತ್ನ ರಾಜಧಾನಿಯೆಂದೂ, ಶಕ್ರನಿತ್ತು ವಿಶ್ವಕರ್ಮನು ಕಟ್ಟಿದ ಪುರಿಯೆಂದೂ ಅದು ತನ್ನನ್ನು ಕೊಂಡಾಡಿಕೊಳ್ಳುತ್ತದೆ. ಮಗನು ಆ ಹೆಸರನ್ನು ಬರೆದುಕೊಟ್ಟಾಗ ಪಂಡಿತರು ಪದಚ್ಛೇದ ಮಾಡುತ್ತ ಒಂದು ಸಂಜೆಯನ್ನೇ ಕಳೆದರು. 'ಇದು ನಮ್ಮದೇ ಊರು' ಎಂದು ಪತ್ನಿಗೆ ಹೇಳಿದರು. ಅವರ ಎಚ್ಚರವು ಸಡಿಲಿದುದು ಪ್ರಾಯಶಃ ಅಂದೇ.

ಮರುದಿನ ಮಗನು ಕಚೇರಿಗೆ ಹೋದನಂತರ ದಂಪತಿಗಳು ಅರಮನೆಯನ್ನು ನೋಡಲು ಹೊರಟರು. 1782ರಲ್ಲಿ ಮೊದಲನೆಯ ರಾಮನೆಂಬ ದೊರೆಯು ರಾಜಧಾನಿಯನ್ನು ಇಲ್ಲಿಗೆ ತಂದಾಗ ಆರಂಭವಾದ ಅರಮನೆ ಅದು. ಬಿಳಿಯ ಗೋಡೆಯ ಪಕ್ಕದಲ್ಲಿ ನಡೆಯುತ್ತಿರುವಾಗ ಶುಭ್ರವಾದ ಉಡುಪನ್ನು ಧರಿಸಿದ್ದ ಮಧ್ಯವಯಸ್ಕನೊಬ್ಬನು ಎದುರಾಗಿ, ಕೈಮುಗಿದು, 'ಭಾರತದಿಂದ ಬಂದವರೆ?' ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದನು. ತಾನೂ ಉಪಾಧ್ಯಾಯನೆಂದನು. ಈ ದಿನ ಬೌದ್ಧರ ಒಂದು ಪೂಜಾವಿಧಿಯಿರುವುದರಿಂದ ಅರಮನೆಯು ಮಧ್ಯಾಹ್ನದವರೆಗೆ ಮುಚ್ಚಿದೆಯೆಂದೂ, ಅಷ್ಟರಲ್ಲಿ ಬೇರೆ ವಿಹಾರಗಳನ್ನು ನೋಡಿಕೊಂಡು ಬರಬಹುದೆಂದೂ ಹೇಳಿ, ಅವರ ಕೈಯಲ್ಲಿದ್ದ ನಕ್ಷೆಯ ಮೇಲೆ ಮೂರು ಗುರುತುಗಳನ್ನು ಹಾಕಿಕೊಟ್ಟನು.

'ಬಾಗಿಲು ಇಲ್ಲೇ ನೂರು ಹೆಜ್ಜೆಯಲ್ಲಿ ಇರಬೇಕಲ್ಲ. ಒಂದು ಸಲ ಹೋಗಿ ನೋಡಿಬಿಡೋಣ ಅಂದರೆ' ಎಂದರು ಪತ್ನಿ.

'ಅವರು ಇಷ್ಟು ಮರ್ಯಾದೆಯಿಂದ ಹೇಳುತ್ತಿರುವಾಗ ಹೋಗಿ ನೋಡಿದರೆ ಅಪನಂಬಿಕೆ ತೋರಿಸಿದಂತಾಗುವುದಿಲ್ಲವೆ? ಸುಮ್ಮನಿರು' ಎಂದರು ಪಂಡಿತರು.

ಕಥೆಯ ಬ್ರಾಹ್ಮಣನಾದರೂ ಎರಡನೆಯವನ ಮಾತಿಗೆ ಆಡನ್ನು ಇಳಿಸಿ ನೋಡಿದನು. ಪಂಡಿತರು ಅಷ್ಟನ್ನೂ ಮಾಡಲಿಲ್ಲ. ಅವರನ್ನು ತಡೆದುದು ಅಜ್ಞಾನವಲ್ಲ, ದಾಕ್ಷಿಣ್ಯ.

ಟುಕ್‌ಟುಕ್ ಎಂಬ ಮೂರು ಗಾಲಿಯ ಬಂಡಿಯೊಂದು ಅಲ್ಲಿಯೇ ಸಿದ್ಧವಾಗಿತ್ತು. ಮೂರು ಸ್ಥಳಗಳನ್ನೂ ತೋರಿಸಿ ಹಿಂದಕ್ಕೆ ಕರೆತರುವುದಕ್ಕೆ ಕೇವಲ 20 ಬಾಟುಗಳು. ಅಂದಿನ ಮಟ್ಟಿಗೆ ಸರ್ಕಾರದ ರಿಯಾಯಿತಿಯಂತೆ. ಮೊದಲ ವಿಹಾರದಲ್ಲಿ ಬೇರಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಸಭ್ಯನಂತೆ ತೋರಿದ ಒಬ್ಬನು ಮಾತ್ರ ಕುಳಿತಿದ್ದನು. ಆತನು ತಾನಾಗಿ ಏನನ್ನೂ ಮಾರಲು ಬರಲಿಲ್ಲ. ಮಕ್ಕಳು ಮೊಮ್ಮಕ್ಕಳ ಯೋಗಕ್ಷೇಮವನ್ನು ಕೇಳಿದನು. ಮಗಳ ಮಗಳಿಗೆ ಮದುವೆ ಗೊತ್ತಾಗಿದೆಯೆಂದು ಪಂಡಿತರು ಹೇಳಿದಾಗ ಸಂತೋಷಪಟ್ಟು, ತಾನು ವಕೀಲನೆಂದೂ, ರಫ್ತಿಗಾಗಿ ಇಟ್ಟ ರತ್ನಗಳನ್ನು ಸುಂಕವಿಲ್ಲದೆ ಮಾರುವ ಸರ್ಕಾರಿ ಮಳಿಗೆಯಲ್ಲಿ ನಿನ್ನೆ ತಾನೇ ನೀಲಗಳನ್ನು ಕೊಂಡುದಾಗಿಯೂ, ಆ ವಿನಾಯಿತಿಯು ಇಂದಿನ ಸಂಜೆಗೆ ಮುಗಿಯುವುದೆಂದೂ ಮಾತಿನ ನಡುವೆ ತಿಳಿಸಿದನು. ಪಂಡಿತರು ಹೊರಗೆ ಬಂದು ಬಂಡಿಯವನನ್ನು ವಿಚಾರಿಸಿದರೆ, ಅವನೂ ಆ ಮಳಿಗೆಯ ಹೆಸರನ್ನೇ ಹೇಳಿದನು. ಅರಮನೆಯ ಬಳಿಯ ಉಪಾಧ್ಯಾಯ, ವಿಹಾರದ ವಕೀಲ, ಬಂಡಿಯವನು: ಮೂವರು, ಒಬ್ಬರನ್ನೊಬ್ಬರು ಕಾಣದವರು, ಒಂದೇ ಮಾತನ್ನು ಹೇಳಿದರು.

ಮಳಿಗೆಯಲ್ಲಿ ತಂಪಾದ ಗಾಳಿ, ಪಾನೀಯ, ಉಪಚಾರ. ಗಾಜಿನ ಮೇಲೆ ನೀಲಗಳು. ಪಂಡಿತರಿಗೆ ವರಾಹಮಿಹಿರನ ಬೃಹತ್ಸಂಹಿತೆಯು ನೆನಪಾಯಿತು. ಅದರಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಪರೀಕ್ಷೆಗೆ ಒಂದೊಂದು ಅಧ್ಯಾಯವುಂಟು. ನೀಲಕ್ಕೆ ಪ್ರತ್ಯೇಕವಾದ ಅಧ್ಯಾಯವಿಲ್ಲ. ಇದ್ದಿದ್ದರೂ ಶ್ಲೋಕಗಳಿಂದ ಕಲ್ಲನ್ನು ಅಳೆಯುವುದಕ್ಕೆ ಆಗುತ್ತಿರಲಿಲ್ಲವೆಂಬುದು ಅವರಿಗೆ ಆಗ ಹೊಳೆಯಲಿಲ್ಲ. ಮದುವೆಯ ಹಾರಕ್ಕೆಂದು ಪಿಂಚಣಿಯಲ್ಲಿ ಉಳಿಸಿ ಬ್ಯಾಂಕಿನಲ್ಲಿಟ್ಟಿದ್ದ 60,000 ರೂಪಾಯಿಗಳಷ್ಟು ಹಣವನ್ನು ಕಾರ್ಡಿನ ಮೂಲಕ ತೆತ್ತರು. ಕಲ್ಲುಗಳನ್ನು ಟಪಾಲಿನಲ್ಲಿ ನೇರವಾಗಿ ಊರಿಗೆ ಕಳುಹಿಸುವೆವೆಂದು ಅಂಗಡಿಯವರು ಬಹಳವಾಗಿ ಒತ್ತಾಯಿಸಿದರೂ ಪತ್ನಿ ಒಪ್ಪದೆ, ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಹೊರಗೆ ಬಂದಾಗ ಬಂಡಿಯವನು ಇರಲಿಲ್ಲ. ತನ್ನ 20 ಬಾಟುಗಳನ್ನೂ ಕೇಳದೆ ಹೊರಟುಹೋಗಿದ್ದನು.

ಎರಡು ದಿನಗಳ ಮೇಲೆ ಅವರು ಮತ್ತೆ ಅರಮನೆಗೆ ಹೋದರು. ಈ ಸಾರಿ ಯಾರು ಮಾತನಾಡಿಸಿದರೂ ನಿಲ್ಲದೆ ಬಾಗಿಲವರೆಗೆ ನಡೆದರು. ಬಾಗಿಲು ತೆರೆದಿತ್ತು. ಹೊರಗಿನ ಅಪರಿಚಿತರ ಮಾತನ್ನು ನಂಬಬಾರದೆಂಬ ಎಚ್ಚರಿಕೆಯನ್ನೂ ಅಲ್ಲಿ ಬರೆದು ಹಾಕಿದ್ದರು. ಮೊನ್ನೆಯ ದಿನವೂ ತೆರೆದಿತ್ತೆ ಎಂದು ಕೇಳಿದಾಗ ಕಾವಲುಗಾರನು ಅವರ ಮುಖವನ್ನು ನೋಡಿ, ಮರುಕದಿಂದ ತಲೆಯಾಡಿಸಿದನು; ಅದೇ ಪ್ರಶ್ನೆಯನ್ನು ಅವನು ಬಹಳ ಜನರಿಂದ ಕೇಳಿರಬೇಕು. ಒಳಗೆ ಪೌಳಿಯ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ರಾಮಾಯಣದ ಕಥೆಯು ಬರೆದಿದೆ. ಚಿನ್ನದ ಜಿಂಕೆಯನ್ನು ಕಾಣುತ್ತಲೆ ಪಂಡಿತರು ಮುಂದೆ ನಡೆದುಬಿಟ್ಟರು. ಮರಕತ ಬುದ್ಧನ ಸನ್ನಿಧಿಯಲ್ಲಿ, ಆ ವಿಗ್ರಹವು ಮರಕತದ್ದಲ್ಲ, ಬೇರೊಂದು ಹಸುರು ಶಿಲೆಯದು ಎಂದು ಪುಸ್ತಕದಲ್ಲಿ ಓದಿ ಹೇಳಿದಾಗ ಪತ್ನಿ, 'ಇರಲಿ ಬಿಡಿ. ಇವನು ಯಾರಿಂದಲೂ ಹಣ ಕಿತ್ತುಕೊಳ್ಳಲಿಲ್ಲ' ಎಂದರು.

ಈ ವ್ಯಾಪಾರದ ಮರ್ಮವು ಪಂಡಿತರಿಗೆ ಆಮೇಲೆ ತಿಳಿದುಬಂದಿತು. ಅರಮನೆಯು ಸಾಮಾನ್ಯವಾಗಿ ದಿನವೂ ಬೆಳಗ್ಗೆ ಎಂಟೂವರೆಗೆ ತೆರೆಯುತ್ತದೆ. ರಾಜಕೀಯ ಸಮಾರಂಭಗಳಿಗಾಗಿ ಮುಚ್ಚುವುದು ಅಪರೂಪ, ಹಾಗೆ ಮುಚ್ಚಿದರೆ ಅದನ್ನು ಬಾಗಿಲಲ್ಲಿಯೇ ತಿಳಿಸುತ್ತಾರೆ. ಯಾತ್ರಿಕರಿಗೆ ಅಗ್ಗವಾಗಿ ರತ್ನ ಮಾರುವ ಸರ್ಕಾರಿ ಮಳಿಗೆಯೆಂಬುದು ಆ ದೇಶದಲ್ಲಿಲ್ಲ. ಗಿರಾಕಿಯನ್ನು ಅಂಗಡಿಗೆ ಕರೆತಂದುದಕ್ಕಾಗಿ ಬಂಡಿಯವನಿಗೆ ದಳ್ಳಾಳಿಯ ಹಣ ಸಲ್ಲುತ್ತದೆ. ಬಾಡಿಗೆಯು ನಂಬಲಾಗದಷ್ಟು ಅಗ್ಗವಾಗುವುದು ಆದಕಾರಣವೇ. ಮಾರುವ ಕಲ್ಲು ಎಷ್ಟೋ ವೇಳೆ ನಿಜವಾದ ಕಲ್ಲೇ. ಆದರೆ ಕೀಳು ದರ್ಜೆಯದು, ಹೇಳಿದ ಬೆಲೆಯ ಅಲ್ಪಾಂಶಕ್ಕೂ ಬಾಳದು. ಟಪಾಲಿನ ಒತ್ತಾಯವೂ ಉಪಕಾರವಲ್ಲ: ಕಲ್ಲು ಕೈಯಲ್ಲಿದ್ದರೆ ಯಾತ್ರಿಕನು ಮತ್ತೊಬ್ಬರಿಗೆ ತೋರಿಸಿ ಅಂದೇ ಹಿಂದಿರುಗಿಸಲು ಬರಬಹುದು, ಅದು ಊರು ಮುಟ್ಟುವ ವೇಳೆಗೆ ಅವನೂ ದೂರದೇಶದಲ್ಲಿರುತ್ತಾನೆ. ಇಂಥ ದೂರುಗಳಿಗಾಗಿಯೇ ಅಲ್ಲಿ ಪ್ರವಾಸಿಗಳ ಪೋಲೀಸಿನವರಿದ್ದಾರೆ; 1155 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಕರೆದರೆ ಸಿಕ್ಕುತ್ತಾರೆ. ಅಂದೇ ಕರೆದಿದ್ದರೆ ಹಣದಲ್ಲಿ ಸ್ವಲ್ಪವಾದರೂ ಹಿಂದಿರುಗುವ ಸಂಭವವಿತ್ತು.

ಪಂಡಿತರು ಕರೆಯಲಿಲ್ಲ. ಮಗನಿಗೂ ಹೇಳಲಿಲ್ಲ. 'ಅಪ್ಪ ಇಷ್ಟು ಓದಿಯೂ ಹೀಗಾದರೆ?' ಎಂದು ಅವನು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುವನಲ್ಲ! ಊರಿಗೆ ಬಂದ ಮೇಲೆ ಪರಿಚಿತನಾದ ಅಕ್ಕಸಾಲಿಗೆ ಡಬ್ಬಿಯನ್ನು ತೋರಿಸಿದರು. ಅವನು ಕಲ್ಲುಗಳನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ಸುಮ್ಮನಿದ್ದು, 'ಎಷ್ಟು ಕೊಟ್ಟಿರಿ ಅಂತ ಕೇಳೋದಿಲ್ಲ ಬುದ್ಧಿ. ಆರು ಸಾವಿರಕ್ಕೆ ಮೇಲೆ ಬಾಳೋದಿಲ್ಲ' ಎಂದನು. ಡಬ್ಬಿಯು ಪೆಟ್ಟಿಗೆಯ ತಳಕ್ಕೆ ಸೇರಿತು. ಮೊಮ್ಮಗಳ ಮದುವೆಯಲ್ಲಿ ಹಾರದ ಮಾತೇ ಬರಲಿಲ್ಲ. ಪತ್ನಿಯೂ ಆ ಪ್ರಸಂಗವನ್ನು ಎತ್ತಲಿಲ್ಲ, 'ನಾನು ಹೇಳಿರಲಿಲ್ಲವೆ?' ಎಂಬ ಮಾತು ಆಕೆಯ ಬಾಯಿಂದ ಒಂದು ದಿನವೂ ಹೊರಡಲಿಲ್ಲ. ಪಂಡಿತರಿಗೆ ಅದೇ ಹೆಚ್ಚಿನ ಶಿಕ್ಷೆಯಾಗಿತ್ತು.

ವಂಚಕನಿಗೆ ವಂಚಿತನ ಲಜ್ಜೆಗಿಂತ ದೊಡ್ಡ ರಕ್ಷಣೆಯಿಲ್ಲ. ಕಳ್ಳನು ಬೀಗ ಮುರಿದರೆ ಮನೆಯವನು ಕೂಗಿಕೊಳ್ಳುತ್ತಾನೆ. ಮೋಸಗಾರನಿಗೆ ಮನೆಯವನೇ ಬೀಗದ ಕೈ ಕೊಟ್ಟಿರುವುದರಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಹೀಗೆ ಒಬ್ಬನ ಮೌನವು ಮತ್ತೊಬ್ಬನ ಬಲೆಯಾಗುತ್ತದೆ.

ಪಂಡಿತರ ಮೌನವು ಮುರಿದುದು 2022ರಲ್ಲಿ, ನವರಾತ್ರಿ ಮುಗಿದ ದಿನಗಳಲ್ಲಿ. ನೆರೆಮನೆಯ ವಿಧವೆಯ ಮಗನು ಡಿಪ್ಲೊಮಾ ಮುಗಿಸಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದನು. ಒಂದು ಸಂಜೆ ಅವನು ಸಿಹಿಯನ್ನು ತಂದಿಟ್ಟು ನಮಸ್ಕರಿಸಿದನು. ಬ್ಯಾಂಕಾಕಿನಲ್ಲಿ ಕಂಪ್ಯೂಟರಿನ ಕೆಲಸ, ದೊಡ್ಡ ಸಂಬಳ, ವಿಮಾನದ ವೆಚ್ಚವೂ ಕಂಪನಿಯದೇ, ಸಂದರ್ಶನವು ಫೋನಿನಲ್ಲಿಯೇ ಮುಗಿದಿತ್ತು, ವಾರದೊಳಗೆ ಹೊರಡಬೇಕು.

'ಚೆನ್ನಾಗಿ ವಿಚಾರಿಸಿದೆಯೇನಪ್ಪ?' ಎಂದರು ಪಂಡಿತರು.

'ವಿಚಾರಿಸಿದೆ ಅಜ್ಜ. ಅಲ್ಲೇ ಕೆಲಸ ಮಾಡುವ ಮೂವರ ಹತ್ತಿರ ಮಾತಾಡಿದೆ. ಮೂವರೂ ಒಂದೇ ಮಾತು ಹೇಳಿದರು.'

'ಆ ಮೂವರ ನಂಬರು ನಿನಗೆ ಹೇಗೆ ಸಿಕ್ಕಿತು?'

'ಏಜೆಂಟೇ ಕೊಟ್ಟರು.'

ಪಂಡಿತರು ಎದ್ದು ಒಳಕ್ಕೆ ಹೋಗಿ, ಪೆಟ್ಟಿಗೆಯ ತಳದಿಂದ ಡಬ್ಬಿಯನ್ನು ತಂದರು. ಹುಡುಗನ ತಾಯಿಯನ್ನೂ ಕರೆಸಿದರು. ಮೂರು ವರ್ಷಗಳಿಂದ ಮಗನಿಗೂ ಹೇಳದಿದ್ದ ಕಥೆಯನ್ನು ಆ ಇಬ್ಬರ ಮುಂದೆ, ಅಕ್ಕಸಾಲಿಯು ಕಟ್ಟಿದ ಬೆಲೆಯವರೆಗೆ, ಒಂದನ್ನೂ ಬಿಡದೆ ಹೇಳಿದರು. ಪತ್ನಿಯು ಬಾಗಿಲ ಬಳಿ ನಿಂತು ಕೇಳುತ್ತಿದ್ದರು.

ಆ ಸೆಪ್ಟೆಂಬರಿನಲ್ಲಿಯೇ ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯವು ಎಚ್ಚರಿಕೆಯೊಂದನ್ನು ಪ್ರಕಟಿಸಿತ್ತು. ಥೈಲೆಂಡಿನಲ್ಲಿ ಒಳ್ಳೆಯ ಉದ್ಯೋಗವೆಂದು ಆಸೆ ತೋರಿಸಿ, ಕಂಪ್ಯೂಟರು ಬಲ್ಲ ತರುಣರನ್ನು ಕರೆಸಿಕೊಂಡು, ಅಲ್ಲಿಂದ ಅಕ್ರಮವಾಗಿ ಗಡಿ ದಾಟಿಸಿ, ಬಹುಮಟ್ಟಿಗೆ ಮ್ಯಾನ್ಮಾರಿನಲ್ಲಿ ಸೆರೆಯಲ್ಲಿಟ್ಟು ದುಡಿಸುವ ಜಾಲಗಳುಂಟೆಂದು ಅದರಲ್ಲಿ ತಿಳಿಸಿತ್ತು. ಅಲ್ಲಿ ಅವರಿಂದ ಮಾಡಿಸುವ ಕೆಲಸವು ದೂರದೂರದ ಜನರನ್ನು ಕಂಪ್ಯೂಟರಿನ ಮೂಲಕ ವಂಚಿಸುವುದು. ವಂಚಿತನನ್ನೇ ವಂಚಕನನ್ನಾಗಿ ಮಾಡುವ ಈ ಕ್ರೌರ್ಯದ ಮುಂದೆ ನೀಲಮಣಿಯ ಅಂಗಡಿಯವನು ಸಾಧುವೆನ್ನಬೇಕು. ಪಂಡಿತರ ಮಾತಿನಂತೆ ಹುಡುಗನು ಎರಡು ಕೆಲಸಗಳನ್ನು ಮಾಡಿದನು: ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಗೆ ಕಂಪನಿಯ ಹೆಸರನ್ನು ಬರೆದು ವಿಚಾರಿಸಿದನು, ವಿದೇಶಕ್ಕೆ ಕೆಲಸಗಾರರನ್ನು ಕಳುಹಿಸಲು ಸರ್ಕಾರವು ಕೊಡುವ ನೋಂದಣಿಯ ಸಂಖ್ಯೆಯನ್ನು ಏಜೆಂಟನಿಂದ ಕೇಳಿದನು. ಎರಡನೆಯ ಪ್ರಶ್ನೆಗೇ ಏಜೆಂಟನ ಫೋನು ನಿಂತುಹೋಯಿತು.

ಹುಡುಗನು ಹೋಗಲಿಲ್ಲ. ಅವನಿಗೆ ಕೆಲಸ ಸಿಕ್ಕುವುದಕ್ಕೆ ಮತ್ತೆ ಎಂಟು ತಿಂಗಳು ಹಿಡಿಯಿತು, ಸಂಬಳವೂ ಸಾಧಾರಣವಾದುದು. ಆದರೆ ಅವನ ತಾಯಿ ರಾತ್ರಿ ನಿದ್ರೆ ಮಾಡುತ್ತಾಳೆ.

ಅಂದಿನಿಂದ ಪಂಡಿತರು, ಪ್ರವಾಸಕ್ಕೆಂದೋ ಉದ್ಯೋಗಕ್ಕೆಂದೋ ಹೊರಡುವವರು ಯಾರೇ ಬರಲಿ, ತಮ್ಮ ಕಥೆಯನ್ನು ಹೇಳುತ್ತಾರೆ. ಬೇರೆ ನಗರಗಳ ಕಥೆಗಳನ್ನೂ ಕೂಡಿಸಿಕೊಂಡಿದ್ದಾರೆ. ಪ್ಯಾರಿಸಿನಲ್ಲಿ ನಿಮ್ಮ ಕಾಲಬಳಿ ಚಿನ್ನದ ಬಣ್ಣದ ಉಂಗುರವನ್ನು 'ಕಂಡು' ಎತ್ತಿಕೊಟ್ಟು ಹಣ ಕೇಳುವವರುಂಟು. ಇಸ್ತಾನ್‌ಬುಲ್ಲಿನಲ್ಲಿ ಪಾದರಕ್ಷೆ ಉಜ್ಜುವವನು ಕುಂಚವನ್ನು ಬೀಳಿಸಿಕೊಂಡು ಹೋಗುತ್ತಾನೆ. ಎತ್ತಿಕೊಟ್ಟವನ ಪಾದರಕ್ಷೆಯನ್ನು ಕೃತಜ್ಞತೆಯಿಂದೆಂಬಂತೆ ಉಜ್ಜಿ, ಕೊನೆಯಲ್ಲಿ ಹಣಕ್ಕೆ ಗಂಟುಬೀಳುತ್ತಾನೆ. ವೇಷಗಳು ಬೇರೆ, ಉಪಾಯವೊಂದೇ: ಸಜ್ಜನನ ದಾಕ್ಷಿಣ್ಯವನ್ನೇ ಅವನ ಮೂಗುದಾರವಾಗಿ ಮಾಡುವುದು.

'ಹಾಗಾದರೆ ಪರಸ್ಥಳದಲ್ಲಿ ಯಾರನ್ನೂ ನಂಬಬಾರದೆ?' ಎಂದು ಕೆಲವರು ಕೇಳುತ್ತಾರೆ. ಪಂಡಿತರು ಒಪ್ಪುವುದಿಲ್ಲ. ಅದೇ ಬ್ಯಾಂಕಾಕಿನಲ್ಲಿ ದಾರಿ ತಪ್ಪಿದ ತಮ್ಮನ್ನು ಹಣ್ಣು ಮಾರುವ ಮುದುಕಿಯೊಬ್ಬಳು ಅಂಗಡಿಯನ್ನು ಬಿಟ್ಟು ಬಂದು ದೋಣಿಯ ಕಟ್ಟೆಯವರೆಗೆ ಕರೆದೊಯ್ದಳು. ಕೊಟ್ಟ ನಾಣ್ಯವನ್ನು ಮುಟ್ಟಲಿಲ್ಲ. ಆಕೆಯನ್ನು ಅವರು ತಾವಾಗಿ ಕೇಳಿದ್ದರು. ಉಪಾಧ್ಯಾಯನು ತಾನಾಗಿ ಬಂದಿದ್ದನು. ಈ ವ್ಯತ್ಯಾಸವನ್ನು ಗಮನಿಸಿದರೆ ಸಾಕು ಎನ್ನುತ್ತಾರೆ. ಸಹಾಯ ಬೇಕಾದರೆ ಕೇಳಬೇಕಾದವರನ್ನು ನೀವೇ ಆರಿಸಿಕೊಳ್ಳಿ. ಮೂವರು ಒಂದೇ ಮಾತನ್ನು ಹೇಳಿದರೆ, ಆ ಮೂವರ ಬಳಿಗೆ ನಿಮ್ಮನ್ನು ಕಳುಹಿಸಿದವರು ಯಾರೆಂದು ನೋಡಿ. ಇಂದು ಸಂಜೆಗೆ ಮುಗಿಯುವ ಲಾಭವನ್ನು ನಾಳೆಯವರೆಗೆ ತಡೆದು ನೋಡಿ. ಬಾಗಿಲು ಮುಚ್ಚಿದೆಯೆಂದರೆ ಬಾಗಿಲವರೆಗೆ ನಡೆಯಿರಿ. ನೂರು ಹೆಜ್ಜೆಯಿಂದ ಯಾರಿಗೂ ಅವಮಾನವಾಗುವುದಿಲ್ಲ.

ಈಗಲೂ ರಜಾದಿನಗಳಲ್ಲಿ ಬೀದಿಯ ಮಕ್ಕಳು ಕಥೆಗೆಂದು ಅವರ ಜಗಲಿಗೆ ಬರುತ್ತಾರೆ. ಬ್ರಾಹ್ಮಣನು ಆಡನ್ನು ಬಿಟ್ಟುಹೋದನೆಂಬಲ್ಲಿಗೆ ಬಂದಾಗ ಯಾವನಾದರೊಬ್ಬನು, 'ಅವನು ಅಷ್ಟು ದಡ್ಡನೆ ಅಜ್ಜ?' ಎಂದು ಕೇಳಿಯೇ ಕೇಳುತ್ತಾನೆ. ಪಂಡಿತರು ಈಗ ನಗುವುದಿಲ್ಲ. 'ದಡ್ಡನಲ್ಲಪ್ಪ, ಬಹಳ ಮರ್ಯಾದಸ್ಥ' ಎಂದು ಹೇಳಿ, ಡಬ್ಬಿಯನ್ನು ತೆರೆದು ಮಕ್ಕಳ ಕೈಗೆ ಕೊಡುತ್ತಾರೆ.