ಸಂಸಾರವೆಂಬ ಮಾತು

ಮಲಯಾಳದಲ್ಲಿ ‘ಸಂಸಾರ’ವೆಂದರೆ ಮಾತುಕತೆ. ಕನ್ನಡದಲ್ಲಿ ಅದು ಗಂಡ, ಹೆಂಡತಿ, ಮಕ್ಕಳು, ಅತ್ತೆ, ಒಲೆ, ಸಾಲ ಎಲ್ಲವೂ ಸೇರಿದ ಬದುಕು. ಈ ವ್ಯತ್ಯಾಸವನ್ನು ನನಗೆ ತೋರಿಸಿಕೊಟ್ಟವನು ಈ ಮಾರ್ಚಿನಲ್ಲಿ ನಾಲ್ಕನೆಯ ತರಗತಿ ಮುಗಿಸಿದ ನನ್ನ ಮಗ. ಅವನ ಹಳೆಯ ನೋಟುಪುಸ್ತಕವೊಂದರ ಹಿಂದಿನ ಪುಟಗಳಲ್ಲಿ ಇಂಥ ಪದಗಳದೇ ಒಂದು ಪಟ್ಟಿ ಇದೆ. ಕನ್ನಡದ ‘ಅವಸರ’ ಗಡಿಬಿಡಿಯಾದರೆ ಮಲಯಾಳದ ‘ಅವಸರ’ ಸಂದರ್ಭ, ಅವಕಾಶ. ನಮ್ಮ ‘ಉಪನ್ಯಾಸ’ ವೇದಿಕೆಯ ಮೇಲೆ ನಿಂತು ಮಾಡುವಂಥದ್ದು. ಅವರದು ಕುಳಿತು ಬರೆಯುವ ಪ್ರಬಂಧ. ಪಟ್ಟಿಯೆಂಬ ಪದವೂ ಆ ಪಟ್ಟಿಯಲ್ಲಿಯೇ ಇದೆ, ಏಕೆಂದರೆ ಮಲಯಾಳದಲ್ಲಿ ಪಟ್ಟಿಯೆಂದರೆ ನಾಯಿ. ಅಂಗಡಿಗೆ ಹೊರಡುವಾಗ ‘ಸಾಮಾನಿನ ಪಟ್ಟಿ ಎಲ್ಲಿ?’ ಎಂದು ನಾನು ಕೇಳಿದರೆ ಅಣ್ಣ ತಂಗಿ ಇಬ್ಬರೂ ಬಾಗಿಲಿನ ಮರೆಯಲ್ಲಿ ನಿಂತು ಬೊಗಳುವುದು ಇತ್ತೀಚಿನ ರೂಢಿ.

ಈ ಸಂಗ್ರಹ ಆರಂಭವಾದದ್ದು ‘ಅವಧಿ’ ಎಂಬ ಪದದಿಂದ. ಜೂನ್, ಜುಲೈ ತಿಂಗಳುಗಳಲ್ಲಿ ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರಷ್ಟೆ. ಆ ಸುದ್ದಿ ಹಿಂದಿನ ದಿನ ರಾತ್ರಿ ನಮ್ಮ ಫೋನುಗಳಿಗೆ ಬಂದು ಬೀಳುವುದು ಹೆಚ್ಚಾಗಿ ಮಲಯಾಳದಲ್ಲಿ. ಎರಡನೆಯ ತರಗತಿಯಲ್ಲಿದ್ದಾಗಲೇ ಅವನು ಆ ಸಾಲುಗಳಲ್ಲಿ ‘ಅವಧಿ’ ಎಂಬ ಮೂರಕ್ಷರಗಳನ್ನು ಗುರುತಿಸಲು ಕಲಿತ. ಆಮೇಲೆ ‘ನಾಳೆ’ ಎಂಬುದನ್ನು. ನಂತರ, ಬೇರೆ ಜಿಲ್ಲೆಯ ರಜೆಯನ್ನು ನಮ್ಮದೆಂದು ತಿಳಿದು ಮೋಸಹೋಗಬಾರದೆಂದು, ‘ಕಾಸರಗೋಡು’ ಎಂಬುದನ್ನು. ಮಕ್ಕಳಿಗೆ ಲಿಪಿ ಕಲಿಸಲು ಮಳೆಗಿಂತ ಒಳ್ಳೆಯ ಅಧ್ಯಾಪಕರು ಬೇರೆ ಇದ್ದಾರೆಯೆ ಎಂಬುದು ನನ್ನ ಸಂಶಯ.

ನನಗೆ ಆ ಲಿಪಿ ಬಾರದು. ನನ್ನ ತವರು ವಿಟ್ಲದ ಕಡೆ. ಪೆರ್ಲದ ದಾರಿಯಾಗಿ ಬಂದರೆ ದೂರವೇನೂ ಅಲ್ಲ. ಮಾತು, ಅಡುಗೆ, ದೈವ ದೇವರುಗಳೆಲ್ಲ ಎರಡೂ ಕಡೆ ಒಂದೇ. ಆದರೆ ಬದಿಯಡ್ಕದ ಈ ಕಡೆಯ ಮನೆಗೆ ಮದುವೆಯಾಗಿ ಬಂದ ಮರುವಾರವೇ, ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಸೇರಿದಾಗ, ಆ ಹೆಸರು ಎಲ್ಲಿದೆಯೆಂದು ಇನ್ನೊಬ್ಬರನ್ನು ಕೇಳಿ ತಿಳಿಯಬೇಕಾಯಿತು. ಗಡಿಯಾಚೆಯಿಂದ ಬಂದ ಸೊಸೆಯಂದಿರಿಗೆಲ್ಲ ಈ ಅನುಭವ ಇದ್ದೀತು. ಕನ್ನಡದಲ್ಲಿ ಹತ್ತಾರು ಕಾದಂಬರಿ ಓದಿದವಳು ಬಸ್ಸಿನ ಫಲಕದ ಮುಂದೆ ಅನಕ್ಷರಸ್ಥೆಯಾಗಿ ನಿಲ್ಲುತ್ತಾಳೆ. ಈಗ ಫಲಕವನ್ನು ಮಗ ಓದಿ ಹೇಳುತ್ತಾನೆ, ಸ್ವಲ್ಪ ಗತ್ತಿನಿಂದಲೇ.

ನಮ್ಮ ಮನೆಯಲ್ಲಿ ಕನ್ನಡ ಯಾರ ಮನೆಮಾತೂ ಅಲ್ಲ ಎಂದರೆ ಹೊರಗಿನವರು ಆಶ್ಚರ್ಯಪಡುತ್ತಾರೆ. ಕಾಸರಗೋಡಿನ ಓದುಗರಿಗೆ ಇದು ಹೊಸತೇನಲ್ಲ. ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಒಂದೊಂದು ಮನೆಯ ಒಳಮಾತು ಒಂದೊಂದು. ಓದು, ಬರಹ, ಆಮಂತ್ರಣ, ಆಟ, ಕೂಟಗಳಿಗೆ ಬಂದಾಗ ಎಲ್ಲರಿಗೂ ಕನ್ನಡ. ನಮ್ಮಲ್ಲಿ ಬೆಳಗ್ಗಿನ ಅಡುಗೆಮನೆ ತುಳುವಿನದು. ಮಗಳು ಅಂಗನವಾಡಿಯಿಂದ ಬಂದವಳೇ ‘ವೆಳ್ಳಂ’ ಎನ್ನುತ್ತಾಳೆ, ಅಜ್ಜಿ ‘ನೀರ್’ ಎನ್ನುತ್ತಾ ಲೋಟ ಕೊಡುತ್ತಾರೆ, ಅಣ್ಣ ‘ನೀರು’ ಎಂದು ಕೊನೆಯ ಉಕಾರವನ್ನು ಸೇರಿಸಿ ತಿದ್ದುತ್ತಾನೆ. ಅಷ್ಟರಲ್ಲಿ ಆಕೆ ಕುಡಿದು ಮುಗಿಸಿರುತ್ತಾಳೆ. ತುಳುವಿನಲ್ಲಿ ಅಪ್ಪೆಯೆಂದರೆ ತಾಯಿ, ಅಮ್ಮೆಯೆಂದರೆ ತಂದೆ. ರಾತ್ರಿ ಸ್ಕೂಟರಿನ ಸದ್ದು ಕೇಳಿ ಅಜ್ಜಿ ‘ನಿನ್ನ ಅಮ್ಮೆ ಬತ್ತೆ’ ಎಂದಾಗ ಎರಡು ವರ್ಷದ ಮಗುವಾಗಿದ್ದ ಇವಳು ಬಾಗಿಲನ್ನು ನೋಡದೆ ನನ್ನನ್ನು ನೋಡುತ್ತಿದ್ದಳು. ತಿಂಗಳುಗಳ ಕಥೆಯೂ ಇಷ್ಟೆ. ಗೋಡೆಯ ಕನ್ನಡ ಕ್ಯಾಲೆಂಡರಿನಲ್ಲಿ ಆಷಾಢ ಮುಗಿದು ಶ್ರಾವಣ ಬರುವ ಹೊತ್ತಿಗೆ ಅಜ್ಜಿಗೆ ಅದು ಆಟಿ, ನೆರೆಮನೆಯವರಿಗೆ ಕರ್ಕಿಡಕ. ಪತ್ರೊಡೆಯ ರುಚಿ ಮಾತ್ರ ಯಾವ ಹೆಸರಿನಲ್ಲೂ ಬದಲಾಗುವುದಿಲ್ಲವಾದ್ದರಿಂದ ಮಕ್ಕಳಿಗೆ ಗೊಂದಲವಿಲ್ಲ.

ಅತ್ತೆಯವರು ಮೂರನೆಯ ತರಗತಿಗೇ ಶಾಲೆ ಬಿಟ್ಟವರು. ದಿನವಿಡೀ ಆಡುವುದು ತುಳುವನ್ನೇ. ಆದರೆ ಮಕ್ಕಳ ಮೇಲೆ ಸಿಟ್ಟು ಬಂದರೆ ಅವರ ಬಾಯಿಂದ ಹೊರಡುವುದು ಯಕ್ಷಗಾನದ ಕನ್ನಡ. ಸಣ್ಣ ಪ್ರಾಯದಿಂದ ಆಟ ನೋಡಿ, ದೇವಸ್ಥಾನದಲ್ಲಿ ತಾಳಮದ್ದಳೆ ಕೇಳಿ ಬಂದ ಸಂಪತ್ತು ಅದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಇಂಥ ಕನ್ನಡ ಇರುವುದು ವಿಶೇಷವೇನಲ್ಲ. ಹಾಲು ಚೆಲ್ಲಿದ ಮೊಮ್ಮಗನನ್ನು ‘ಎಲವೋ ಅವಿವೇಕಿ’ ಎಂದು ಸಂಬೋಧಿಸಿದಾಗ ಅವನಿಗೆ ಬೈಗುಳ ತಾಗುವುದಿಲ್ಲ. ವೇಷ ಕಟ್ಟುವ ಉತ್ಸಾಹ ಬರುತ್ತದೆ. ಬೈರಾಸು ಕಿರೀಟವಾಗುತ್ತದೆ, ಚಾವಡಿಯ ಬೆಂಚು ರಥವಾಗುತ್ತದೆ, ಹಿಡಿಸೂಡಿಯ ಕಡ್ಡಿಗಳು ಬಾಣಗಳಾಗಿ ಮನೆಯಿಡೀ ಹರಡುತ್ತವೆ. ಆ ಯುದ್ಧಕ್ಕೆ ಅಜ್ಜಿ ಒಂದು ಕಟ್ಟಳೆ ಮಾಡಿದ್ದಾರೆ. ನಮ್ಮ ಅರ್ಥಧಾರಿಗಳು ಇಂಗ್ಲಿಷ್ ಪದ ನುಸುಳದಂತೆ ಮಾತಾಡುತ್ತಾರಲ್ಲವೆ, ಹಾಗೆಯೇ ರಥ ಏರಿದ ಮೇಲೆ ಬೇರೆ ಭಾಷೆಯ ಪದ ಬಾಯಿಗೆ ಬಂದರೆ ಅವರು ಸೋತಂತೆ. ಒಂದು ದಿನ ಐದು ವರ್ಷದ ವೀರ ವನಿತೆ ಬೆಂಚಿನ ಮೇಲೆ ನಿಂತು, ‘ನಿಲ್ಲು ನಿಲ್ಲು, ನನ್ನ ಧನುಸ್ಸಿನ ಚಾರ್ಜು ಮುಗಿದಿದೆ’ ಎಂದಳು. ಅಣ್ಣ ತಕ್ಷಣ ವಿಜಯ ಸಾರಿದ. ಅಳುತ್ತಾ ಅಜ್ಜಿಯ ಬಳಿ ಹೋದವಳು ಎರಡು ನಿಮಿಷದಲ್ಲಿ ಹಿಂದೆ ಬಂದು ಮತ್ತೆ ಬೆಂಚು ಏರಿ ಹೇಳಿದಳು: ‘ನನ್ನ ಧನುಸ್ಸಿನ ತ್ರಾಣ ಉಡುಗಿದೆ.’ ಆ ವಾರವೆಲ್ಲ ನಮ್ಮ ಮನೆಯಲ್ಲಿ ಫೋನಿನ ತ್ರಾಣ ಉಡುಗುತ್ತಿತ್ತು, ಟಾರ್ಚಿನ ತ್ರಾಣ ಉಡುಗುತ್ತಿತ್ತು.

ಲೆಕ್ಕದ ವಿಷಯ ಬೇರೆ. ತೆಂಗಿನಕಾಯಿ ಕೊಯ್ದ ದಿನ ಅಂಗಳದಲ್ಲಿ ರಾಶಿ ಎಣಿಸುವಾಗ ಮಗ ಅಜ್ಜಿಯೊಡನೆ ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಎಣಿಸುತ್ತಾನೆ. ಮರ ಏರಿದವರಿಗೆ ಮರವೊಂದಕ್ಕೆ 50 ರೂಪಾಯಿಯಂತೆ 14 ಮರಗಳ ಕೂಲಿ ಎಷ್ಟೆಂದು ಕೇಳಿದರೆ ಕಾಗದ ತೆಗೆದು ಕನ್ನಡದಲ್ಲಿ ಗುಣಿಸುತ್ತಾನೆ, ತುಟಿಯಲ್ಲಿ ಕನ್ನಡದ ಮಗ್ಗಿ. 700 ಎಂದು ಹೇಳುವುದು ಮಾತ್ರ, ಕೂಲಿ ಪಡೆಯುವವರು ಮಲಯಾಳದವರಾದ್ದರಿಂದ, ‘ಎಳುನೂರ್’ ಎಂದು. ಇದನ್ನು ಗೊಂದಲವೆಂದು ಹೇಳುವ ಹಿತೈಷಿಗಳು ನಮ್ಮ ಬಂಧುಬಳಗದಲ್ಲಿ ಬೇಕಾದಷ್ಟಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಎಣಿಸಿದ ಕಾಯಿಯಲ್ಲಿ ಒಂದೂ ತಪ್ಪಲಿಲ್ಲ.

ಇಷ್ಟೆಲ್ಲ ಇದ್ದರೂ, ಮಗಳನ್ನು ಯಾವ ಶಾಲೆಗೆ ಸೇರಿಸುವುದೆಂಬ ಪ್ರಶ್ನೆ ಎದ್ದಾಗ ಮನೆಯ ಹಗುರ ಮಾತು ನಿಂತಿತು. ಬರುವ ಜೂನಿನಲ್ಲಿ ಅವಳಿಗೆ ಒಂದನೆಯ ತರಗತಿ. ಅಣ್ಣ ಕಲಿಯುವ ಕನ್ನಡ ಮಾಧ್ಯಮ ಶಾಲೆ ಗುಡ್ಡ ಇಳಿದು ತೋಡು ದಾಟಿದರೆ ಸಿಗುತ್ತದೆ, ಏಳನೆಯವರೆಗೆ ಇದೆ. ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ನಮ್ಮ ದರೆಯ ಕೆಳಗೇ ಬಂದು ನಿಲ್ಲುತ್ತದೆ. ಡಿಸೆಂಬರಿನಿಂದ ಆಚೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು, ‘ಸಣ್ಣವಳನ್ನಾದರೂ ವ್ಯಾನಿಗೆ ಹತ್ತಿಸುತ್ತೀರೋ?’ ಆ ‘ಆದರೂ’ ನನ್ನ ಮಗನ ಬಗ್ಗೆ ಹೇಳುತ್ತಿದ್ದುದು ನನಗೆ ಅರ್ಥವಾಗುತ್ತಿತ್ತು.

ವ್ಯಾನಿನ ಪರವಾಗಿ ಮಾತಾಡಿದವರು ಬೇರಾರೂ ಅಲ್ಲ, ಮಕ್ಕಳ ತಂದೆಯೇ. ಅವರ ಮಾತನ್ನು ಇಂಗ್ಲಿಷಿನ ಮೋಹವೆಂದು ತಳ್ಳಿಹಾಕಲಾರೆ. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತು ಒಳ್ಳೆಯ ಅಂಕ ಪಡೆದವರು ಅವರು. ಆ ನಂತರ ತರಗತಿಯ ಮಾತು ಇಂಗ್ಲಿಷಿಗೆ ತಿರುಗಿದಾಗ, ಗೊತ್ತಿದ್ದ ವಿಷಯವೇ ಗೊತ್ತಿಲ್ಲದ್ದಾಗಿ ಕಂಡು, ಹಿಂದಿನ ಬೆಂಚಿನಲ್ಲಿ ಆರು ತಿಂಗಳು ಬಾಯಿ ಮುಚ್ಚಿ ಕುಳಿತೆ ಎನ್ನುತ್ತಾರೆ. ಕಚೇರಿಗಳಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷ್. ಎರಡರಲ್ಲಿಯೂ ಅಧಿಕಪ್ರಸಂಗಿಯಂತೆ ಒಳಹೊಕ್ಕವನು ತಾನು, ಮಗಳಿಗೆ ಅದು ಬೇಡ ಎಂಬುದು ಅವರ ವಾದ. ಈಗ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಅವರು ಇದನ್ನು ಹೇಳಿದ್ದು ಸಿಟ್ಟಿನಿಂದಲ್ಲ. ಅದರಿಂದಲೇ ಉತ್ತರಿಸುವುದು ಕಷ್ಟವಾಯಿತು.

ಇನ್ನೊಂದು ಕಡೆ ಶಾಲೆಯ ಹಿತೈಷಿಗಳು. ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಎಣಿಕೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿಲ್ಲುತ್ತವೆ ಅಥವಾ ಹೋಗುತ್ತವೆ. ಕಳೆದ ವರ್ಷ ನಮ್ಮ ಒಂದನೆಯ ತರಗತಿಯಲ್ಲಿದ್ದವರು ಎಂಟು ಮಂದಿ. ‘ನೀವು ಕೂಡ ಬಿಟ್ಟರೆ ಹೇಗೆ?’ ಎಂದು ಕೇಳಿದವರ ಆತಂಕ ನಿಜವಾದದ್ದು. ಕನ್ನಡ ಶಾಲೆ ಒಮ್ಮೆ ಮುಚ್ಚಿದರೆ ತಿರುಗಿ ತೆರೆಯುವುದಿಲ್ಲವೆಂದು ನನಗೂ ಗೊತ್ತು. ಆದರೂ ಆ ಪ್ರಶ್ನೆ ನನಗೆ ಹಿಡಿಸಲಿಲ್ಲ. ಶಾಲೆಯ ಎಣಿಕೆ ತುಂಬಿಸಲು ಮಗುವನ್ನು ಕಳುಹಿಸುವುದು, ವ್ಯಾನಿನವರ ಮುಂದೆ ತಲೆಯೆತ್ತಲು ಮಗುವನ್ನು ಕಳುಹಿಸುವುದು, ಎರಡೂ ಮಗುವನ್ನು ಬಿಟ್ಟು ಬೇರೆ ಯಾವುದಕ್ಕೋ ಮಾಡುವ ಕೆಲಸ. ಕನ್ನಡಾಭಿಮಾನದ ಭಾಷಣ ಮಾಡಿ ಸ್ವಂತ ಮೊಮ್ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಶಾಲೆಗೆ ಕಳುಹಿಸುವ ಹಿರಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಅವರ ಮಾತು ಇಲ್ಲಿ ಬೇಡ.

ಈ ಚರ್ಚೆ ನಡೆಯುತ್ತಿದ್ದಾಗಲೇ ಬೆಂಗಳೂರಿನಲ್ಲಿರುವ ನನ್ನ ತಮ್ಮ ಸೊಸೆಗೆಂದು ಚಂದದ ಇಂಗ್ಲಿಷ್ ಚಿತ್ರಪುಸ್ತಕವೊಂದನ್ನು ತಂದುಕೊಟ್ಟ. ಗಟ್ಟಿ ಹಾಳೆ, ಹೊಳೆಯುವ ಬಣ್ಣ. ಇವರು ಮೂರು ರಾತ್ರಿ ಅದನ್ನು ಓದಿ ಹೇಳಿದರು. ಒಂದು ವಾಕ್ಯ ಇಂಗ್ಲಿಷಿನಲ್ಲಿ, ಕೂಡಲೇ ಅದರ ಅರ್ಥ ತುಳುವಿನಲ್ಲಿ, ಮತ್ತೆ ಮುಂದಿನ ವಾಕ್ಯ. ಮಗಳು ಚಿತ್ರಗಳನ್ನು ನೋಡಿದಳು, ಆನೆಯ ಸೊಂಡಿಲನ್ನು ಬೆರಳಿನಿಂದ ಸವರಿದಳು, ನಿದ್ರೆ ಹೋದಳು. ನಾಲ್ಕನೆಯ ರಾತ್ರಿ ಗಾಳಿಗೆ ತಂತಿ ಹರಿದು ಕರೆಂಟು ಹೋಗಿತ್ತು. ಟಾರ್ಚಿನ ಬೆಳಕಿನಲ್ಲಿ ಆ ಪುಸ್ತಕ ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಅಣ್ಣ ಶಾಲೆಯ ಗ್ರಂಥಾಲಯದಿಂದ ತಂದ ಮಾಸಲು ಕಾಗದದ ನರಿಯ ಕಥೆ. ಓದತೊಡಗಿದವರಿಗೆ ಮುಂದೆ ಹೋಗಲು ಇವಳು ಬಿಡಲಿಲ್ಲ. ನರಿಗೆ ಅಜ್ಜಿ ಇಲ್ಲವಾ? ಕಾಡಿನಲ್ಲಿ ಯಾರೂ ದೀಪ ಇಡುವುದಿಲ್ಲವಾ? ‘ಹೊಂಚು’ ಅಂದರೆ ಏನು? ಹೊಂಚುವಾಗ ಕೆಮ್ಮು ಬಂದರೆ? ಅರ್ಧ ತುಳುವಿನಲ್ಲಿ, ಅರ್ಧ ಕನ್ನಡದಲ್ಲಿ, ನಡುವೆ ಅಂಗನವಾಡಿಯ ಮಲಯಾಳದಲ್ಲಿ. ಇವರು ಉತ್ತರಿಸಿದರು, ತಾವಾಗಿ ನರಿಗೊಂದು ಅಜ್ಜಿಯನ್ನು ಸೃಷ್ಟಿಸಿದರು, ಆ ಅಜ್ಜಿಯ ಸ್ವರದಲ್ಲಿ ಕೆಮ್ಮಿದರು. ನಾಲ್ಕು ಪುಟದ ಕಥೆ ಮುಕ್ಕಾಲು ಗಂಟೆ ನಡೆಯಿತು. ಎರಡು ಪುಟ ಉಳಿದೇ ಹೋಯಿತು.

ನನ್ನ ಕಣ್ಣಿಗೆ ಬಿದ್ದದ್ದು ಮಗಳಿಗಿಂತ ಹೆಚ್ಚಾಗಿ ಇವರೇ. ಇಂಗ್ಲಿಷ್ ಪುಸ್ತಕ ಹಿಡಿದಾಗ ಇವರು ತಪ್ಪಾಗಬಾರದೆಂದು ಎಚ್ಚರದಿಂದ ಓದುವ ವಿದ್ಯಾರ್ಥಿ. ಹಿಂದಿನ ಬೆಂಚಿನ ಆ ಹುಡುಗ ಇನ್ನೂ ಅಲ್ಲಿದ್ದ. ಕನ್ನಡ ಪುಸ್ತಕ ಹಿಡಿದಾಗ ಅಪ್ಪ. ವ್ಯಾನಿನ ಶಾಲೆಯ ಮನೆಪಾಠವನ್ನು ಸಂಜೆ ಎದುರು ಹರಡಿಕೊಂಡರೆ ನಮ್ಮಿಬ್ಬರಿಗೂ ಮಗುವಿನ ‘ಯಾಕೆ’ಗಳಿಗೆ ಉತ್ತರಿಸುವ ತ್ರಾಣ ಇದ್ದೀತೆ, ಅಥವಾ ಟ್ಯೂಷನ್ನಿನವರ ಮನೆಗೆ ಕಳುಹಿಸಬೇಕಾದೀತೆ? ಮೊದಲ ಏಳು ವರ್ಷ ಅವಳು ಪ್ರಶ್ನೆ ಕೇಳಲು, ನಾವು ಉತ್ತರಿಸಲು ಕಷ್ಟವಿಲ್ಲದ ಭಾಷೆಯಲ್ಲಿ ಕಲಿಯಲಿ. ಬಾಯಿ ತೆರೆದು ಕೇಳುವ ಅಭ್ಯಾಸವಾದ ಮೇಲೆ ಯಾವ ಬೆಂಚಿನಲ್ಲಿ ಕುಳಿತರೂ ಕೇಳಿಯಾಳು. ಇದನ್ನೇ ಮರುದಿನ ಹೇಳಿದೆ. ಇವರು ಎರಡು ದಿನ ಏನೂ ಅನ್ನಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತಾ, ‘ಆವಡ್, ಅಣ್ಣನೊಟ್ಟುಗೇ ಪೋವಡ್’ ಎಂದರು.

ಒಪ್ಪಿಗೆ ಷರತ್ತಿಲ್ಲದೆ ಬರಲಿಲ್ಲ. ಭಾನುವಾರ ಬೆಳಗ್ಗೆ ಅರ್ಧ ಗಂಟೆ ಇಂಗ್ಲಿಷ್. ಅದನ್ನು ಇವರೇ ಮಾಡಿಸುತ್ತಾರೆ, ಮಗನಿಗೂ ಸೇರಿಸಿ. ಮಲಯಾಳವನ್ನು ಬಸ್ಸಿನಲ್ಲಿ ಕೇಳಿ ಕಲಿಯುವುದು ಸಾಲದು, ಇಬ್ಬರೂ ಬರೆಯಲು ಕಲಿಯಬೇಕು. ನನಗೂ ಒಂದು ಷರತ್ತು ಬಿತ್ತು. ಮಗ ಮೂರು ವರ್ಷ ಕಳೆದು ಹೈಸ್ಕೂಲಿಗೆ ಹೋದರೆ ಸಣ್ಣವಳಿಗೆ ರಜೆಯ ಸುದ್ದಿ, ಕಚೇರಿಯ ನೋಟೀಸು ಓದಿ ಹೇಳುವವರು ಮನೆಯಲ್ಲಿ ಇರಬೇಕಲ್ಲ ಎಂದರು. ನ್ಯಾಯವಾದ ಮಾತು.

ಹಾಗಾಗಿ ಈ ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಚಾವಡಿಯ ಬೆಂಚಿನಲ್ಲಿ ನನಗೆ ಮಲಯಾಳದ ತರಗತಿ. ಮಗ ಅಧ್ಯಾಪಕ, ಮಗಳು ಹಾಜರಿ ಕರೆಯುವವಳು. ಕಳೆದ ಶನಿವಾರ ಮೊದಲ ಪರೀಕ್ಷೆ ನಡೆಯಿತು. ರೇಷನ್ ಕಾರ್ಡಿನಿಂದ ಹತ್ತು ಪದ ಆರಿಸಿ ಓದಿಸಿದ, ಆರು ಸರಿಯಾದುವು. ಉಳಿದ ನಾಲ್ಕನ್ನು ಐದೈದು ಸಲ ಬರೆದು ತೋರಿಸಬೇಕಂತೆ, ಶಾಲೆ ತೆರೆಯುವ ಮೊದಲು.